ಹಾಲ್‌ನ ಟಿವಿಗೆ ಪಿಸಿ: ಪಿಎಸ್5 ಬಿಟ್ಟು ನಾನು ಮಾಡಿದ್ದು, ಖರ್ಚು ಸಮೇತ

ಟಿವಿ ಎದುರು ಕೂತು ಆಡ್ಲಿಕ್ಕೆ ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5) ತರದ ಗೇಮ್ ಕನ್ಸೋಲೇ ಆಗ್ಬೇಕು, ಪಿಸಿ ಅಂದ್ರೆ ಮೇಜು ಕುರ್ಚಿ ಕೀಬೋರ್ಡು, ಅದು ಹಾಲ್‌ನಲ್ಲಿ ನಡೆಯುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಮೀರಾ ರೋಡಿನ ದೊಡ್ಡಮ್ಮನ ಮಗ ಹೇಳಿದ, ಆಫೀಸಿನ ಹುಡುಗರು ಹೇಳಿದ್ರು, ಕೊನೆಗೆ ಲ್ಯಾಮಿಂಗ್ಟನ್ ರೋಡಿನಲ್ಲಿ ಪಾರ್ಟ್ಸ್ ಮಾರುವವನೇ "ಟಿವಿ ಪೆ ಪಿಸಿ? ಪಿಎಸ್ ಲೇಲೋ ನಾ ಸಾಬ್, ಕಾಯ್ಕೊ ಟೆನ್ಶನ್" ಅಂದ. ಈಗ ಒಂದೂವರೆ ವರ್ಷದ ಮೇಲಾಯ್ತು, ಡೊಂಬಿವಲಿಯ ನಮ್ಮ ಒನ್ ಬಿಎಚ್‌ಕೆಯಲ್ಲಿ 43 ಇಂಚಿನ ಟಿವಿ ಕೆಳಗೆ ಪಿಸಿ ಕೂತಿದೆ, ಆರನೇ ಕ್ಲಾಸಿನ ಮಗಳು ಕಂಟ್ರೋಲರಿನ ಒಂದು ಬಟನ್ ಒತ್ತಿ ಆನ್ ಮಾಡ್ತಾಳೆ, ಆಡ್ತಾಳೆ, ಅದ್ರಿಂದಲೇ ಸ್ಲೀಪಿಗೆ ಹಾಕ್ತಾಳೆ. ಕೀಬೋರ್ಡ್ ಕಪಾಟಿನ ಮೇಲೆ ಉಂಟು. ದೊಡ್ಡಮ್ಮನ ಮಗ ಗಣಪತಿ ಹಬ್ಬಕ್ಕೆ ಬಂದವ ಅರ್ಧ ದಿವಸ ಕೂತು ಆಡಿ ಹೋಗುವಾಗ "ಅಣ್ಣ, ಹೇಗೆ ಮಾಡಿದ್ದು ಅಂತ ಬರೆದು ಕಳಿಸು" ಅಂದ. ಅವನಿಗೆ ಬರೆಯುವುದನ್ನೇ ಎಲ್ಲರಿಗೂ ಬರೀತಿದ್ದೇನೆ. ರ‍್ಯಾಮ್ ಹಾಕುದು ಹೇಗೆ, ಬಯೋಸ್ ಅಂದ್ರೆ ಎಂತ, ಅದೆಲ್ಲ ನಿಮಗೆ ಗೊತ್ತುಂಟು ಅಂತ ಬಿಡ್ತೇನೆ.

ಮೊದಲು ದುಡ್ಡಿನ ಮಾತು. ಪಿಎಸ್5 ನಮ್ಮಲ್ಲಿ 2021ರ ಫೆಬ್ರವರಿ 2ಕ್ಕೆ ಬಂತು, ಡಿಸ್ಕಿನದ್ದು 49,990, ಡಿಜಿಟಲ್ 39,990. ಆ ರೇಟಿಗೆ ಅದು ಒಳ್ಳೆ ಪೆಟ್ಟಿಗೆಯೇ, ಅದನ್ನು ಇವತ್ತೂ ಹೇಳ್ತೇನೆ, ಯಾಕಂದ್ರೆ ಆಗ ಪಿಸಿಯವರಿಗೆ ಮೈನಿಂಗಿನ (ಕ್ರಿಪ್ಟೊ ನಾಣ್ಯ ಗಳಿಸ್ಲಿಕ್ಕೆ ಗ್ರಾಫಿಕ್ಸ್ ಕಾರ್ಡನ್ನು ಹಗಲು ರಾತ್ರಿ ಓಡಿಸುದು) ಕಾಟ, ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡಿನ ರೇಟಿಗೆ ಇಡೀ ಕನ್ಸೋಲ್ ಬರ್ತಿತ್ತು. ಆದ್ರೆ ಆಮೇಲೆ ಎರಡು ಸಂಗತಿ ಆಯ್ತು. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಮ್ ಅನ್ನುವ ಕ್ರಿಪ್ಟೊ ನಾಣ್ಯ ಕಾರ್ಡಿನಲ್ಲಿ ಮೈನ್ ಮಾಡುವ ಪದ್ಧತಿಯನ್ನೇ ಬಿಟ್ಟಿತು, ಮೈನಿಂಗಿನವರೆಲ್ಲ ರಾಶಿ ರಾಶಿ ಕಾರ್ಡನ್ನು ಸೆಕೆಂಡ್ ಹ್ಯಾಂಡ್ ಮಾರ್ಕೆಟಿಗೆ ಸುರಿದ್ರು, ರೇಟು ಬಿತ್ತು. ಅದೇ ವರ್ಷದ ಕೊನೆಗೆ ಪಿಎಸ್5 ಇಳಿಯುವ ಬದಲು ಏರಿ 54,990 ಆಯ್ತು. ಮೊದಲಿನ ಕನ್ಸೋಲುಗಳೆಲ್ಲ ಹಳತಾದ ಹಾಗೆ ಇಳಿಯುದೇ ರೂಢಿ, ಕಾದವನಿಗೆ ಲಾಭ. ಈ ಸಲ ಕಾದು ಕೂತವನಿಗೆ ಐದು ಸಾವಿರ ಜಾಸ್ತಿ. ಎಡೆಯಲ್ಲಿ ಸೇಲು ಹಾಕ್ತಾರೆ, ಇಲ್ಲ ಅಂತಲ್ಲ, ಆದ್ರೆ ಆ ಸೇಲಿಗೆ ಕಾದು ಕೂರ್ಬೇಕು.

ಇನ್ನು ಪೆಟ್ಟಿಗೆ ತಂದ ಕೂಡ್ಲೆ ಖರ್ಚು ಮುಗಿಯುದಿಲ್ಲ ಅಂತ ಕನ್ಸೋಲಿನವರಿಗೇ ಗೊತ್ತುಂಟು. ಹೊಸ ದೊಡ್ಡ ಆಟ ಒಂದಕ್ಕೆ ಐದು ಸಾವಿರದ ಹತ್ರ. ಆನ್‌ಲೈನ್ ಆಡ್ಲಿಕ್ಕೆ ಪ್ಲೇಸ್ಟೇಷನ್ ಪ್ಲಸ್ ಮೆಂಬರ್‌ಶಿಪ್, ಅದರ ಕೆಳಗಿನ ದರ್ಜೆಗೇ ನಾನು ಲೆಕ್ಕ ಹಾಕುವಾಗ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಇತ್ತು. ಎರಡನೇ ಕಂಟ್ರೋಲರಿಗೆ ಮತ್ತೆ ಐದಾರು ಸಾವಿರ. ನಾನು ಭಾವನಿಗೆ ಒಂದು ಹಳೆ ಬಿಲ್ಲಿನ ಹಿಂದೆ ಬರೆದು ತೋರಿಸಿದ ಲೆಕ್ಕ ಹೀಗಿತ್ತು: ಮೂರು ವರ್ಷಕ್ಕೆ ಪೆಟ್ಟಿಗೆ 55, ಮೆಂಬರ್‌ಶಿಪ್ 12, ಕಂಟ್ರೋಲರ್ 6, ವರ್ಷಕ್ಕೆ ಮೂರೇ ಆಟ ಅಂತ ಹಿಡಿದ್ರೂ ಡಿಸ್ಕ್ ತಗೊಂಡು ಮಾರಿ ನಷ್ಟ 18ರಿಂದ 20. ಅಲ್ಲಿಗೆ ತೊಂಬತ್ತು ಸಾವಿರದ ಹತ್ರ ಹೋಯ್ತು. ಪಿಸಿಯಲ್ಲಿ ಆನ್‌ಲೈನಿಗೆ ಬಿಡಿಗಾಸೂ ಇಲ್ಲ. ಸ್ಟೀಮ್ (ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ) ಸೇಲಿನಲ್ಲಿ ಎರಡು ವರ್ಷ ಹಳೆಯ ದೊಡ್ಡ ಆಟ ಏಳೆಂಟು ನೂರಕ್ಕೆ, ಸಾವಿರಕ್ಕೆ ಬರ್ತದೆ. ಇನ್ನೊಂದು ಅಂಗಡಿ ಎಪಿಕ್‌ನವರು ವಾರವಾರ ಪುಕ್ಕಟೆ ಕೊಡ್ತಾರೆ, 2020ರ ಮೇ ತಿಂಗಳಲ್ಲಿ ಜಿಟಿಎ 5 ಕೊಟ್ಟದ್ದು ನೆನಪಿರಬಹುದು, ಅದನ್ನು ನಾನು ಆಗ ಗೇಮಿಗೆ ಲಾಯಕ್ಕಿಲ್ಲದ ಲ್ಯಾಪ್‌ಟಾಪಿನಿಂದಲೇ ಕ್ಲೈಮ್ ಮಾಡಿ ಇಟ್ಟಿದ್ದೆ, ಈಗ ಹಾಲ್‌ನಲ್ಲಿ ಓಡ್ತಾ ಉಂಟು. ಇದು ಪಿಸಿಯ ದೊಡ್ಡ ಗುಣ: ಪೆಟ್ಟಿಗೆ ಬದಲಾದ್ರೂ ಆಟ ನಿಮ್ಮ ಅಕೌಂಟಿನಲ್ಲೇ ಇರ್ತದೆ.

ಹಾಗಾದ್ರೆ ಎಲ್ಲರೂ ಯಾಕೆ ಹಾಲ್‌ನಲ್ಲಿ ಪಿಸಿ ಇಡುದಿಲ್ಲ? ನನ್ನ ಅಭಿಪ್ರಾಯ ಇದು, ಇದ್ರಲ್ಲಿ ನಾನು ಗಟ್ಟಿ: ಜನ ಪಿಸಿಯನ್ನು ಟಿವಿಗೆ ಕಟ್ಟಿ ಆಮೇಲೂ ಪಿಸಿಯ ಹಾಗೇ ನಡೆಸ್ತಾರೆ. ಸೆಟ್ಟಿಂಗ್ ತೆಗಿ, ಅಲ್ಟ್ರಾ ಮಾಡು, ಡ್ರೈವರ್ ಅಪ್‌ಡೇಟ್, ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರ) ಎಷ್ಟು ಅಂತ ಮೂಲೆಯಲ್ಲಿ ನಂಬರ್ ಇಟ್ಟುಕೊಂಡು ಅದನ್ನೇ ನೋಡುದು. ಕನ್ಸೋಲಿನ ಬಲ ಅದರ ಚಿಪ್ಪಿನಲ್ಲಿ ಇಲ್ಲ, ಅದು ನಿಮ್ಮ ಹತ್ರ ಏನೂ ಕೇಳುದಿಲ್ಲ, ಅದೇ ಅದರ ಬಲ. ಆ ಶಿಸ್ತನ್ನು ಪಿಸಿಗೆ ಹಾಕ್ಲಿಕ್ಕೆ ಆಗ್ತದೆ. ನಾನು ಹಾಕಿದ್ದೇನೆ. ಆದ್ರೆ ಅಲ್ಲಿಗೆ ಮುಟ್ಟುವ ಮೊದಲು ಬಹಳ ಆಯ್ತು.

ಸಾಮಾನಿನಿಂದ ಶುರು ಮಾಡ್ತೇನೆ. ಹೊಸ ಪಾರ್ಟ್ಸಿನ ಪಿಸಿ ಈ ಲೆಕ್ಕದಲ್ಲಿ ಕೂರುದೇ ಇಲ್ಲ, ಅದು ಮೊದಲೇ ಗೊತ್ತಿತ್ತು. ಆಫೀಸುಗಳಿಂದ ಲಾಟಿನಲ್ಲಿ ಹೊರಗೆ ಬರುವ ಟವರ್ ಉಂಟಲ್ಲ, ಅದನ್ನು ಹಿಡಿದೆ. ಇಂಟೆಲ್‌ನ ಎಂಟನೇ ಜನರೇಷನ್ ಪ್ರೊಸೆಸರ್ ಐ5 8500, ಆರು ಕೋರ್, 8 ಜಿಬಿ ರ‍್ಯಾಮ್, ಡಿಸ್ಕ್ ಇಲ್ಲದೆ ಒಂಬತ್ತೂವರೆ ಸಾವಿರ ಚಿಲ್ಲರೆ. ಇನ್ನೂ ಹಳೆ ನಾಲ್ಕನೇ ಜನರೇಷನ್ನಿನದ್ದು ನಾಲ್ಕು ಸಾವಿರಕ್ಕೆ ಇತ್ತು, ಅಂಗಡಿಯವ ಅದನ್ನೇ ತಳ್ತಾ ಇದ್ದ. ತಗೊಳ್ಬೇಡಿ. ವಿಂಡೋಸ್ 11 ಅಧಿಕೃತವಾಗಿ ನಡೆಯುದು ಎಂಟನೇ ಜನರೇಷನ್ನಿನಿಂದ ಮೇಲೆ, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರಿಗೆ ಮುಗಿಯಿತು. ಮತ್ತೆ ಸಣ್ಣ ಚಪ್ಪಟೆ ಕ್ಯಾಬಿನೆಟ್ ಕೂಡ ಬೇಡ, ನೋಡ್ಲಿಕ್ಕೆ ಟಿವಿ ಕೆಳಗೆ ಚಂದ ಕೂರ್ತದೆ, ಆದ್ರೆ ಅದಕ್ಕೆ ಅರ್ಧ ಎತ್ತರದ ಕಾರ್ಡೇ ಬೇಕು, ಅದು ಸಿಗುದು ಕಷ್ಟ, ಸಿಕ್ಕಿದ್ರೆ ದುಬಾರಿ. ಟವರನ್ನೇ ತಗೊಂಡು ಮಲಗಿಸಿ ಇಡಿ.

ಗ್ರಾಂಟ್ ರೋಡಿನಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿ ಸೆಂಟ್ರಲ್ ಲೈನಿಗೆ ಬದಲಾಗಿ ಡೊಂಬಿವಲಿ, ಲಗೇಜ್ ಡಬ್ಬದಲ್ಲಿ ಮೀನಿನ ಬುಟ್ಟಿಗಳ ಎಡೆಯಲ್ಲಿ ಟವರನ್ನು ಕಾಲಿನ ಮೇಲೆ ಇಟ್ಟುಕೊಂಡು ಬಂದೆ. ಸಂಜೆ ಆರರ ನಂತರ ಇದನ್ನು ಮಾಡ್ಲಿಕ್ಕೆ ಹೋಗ್ಬೇಡಿ, ಮಧ್ಯಾಹ್ನ ಮೂರರ ಒಳಗೆ ಗಾಡಿ ಹತ್ತಿಬಿಡಿ.

ಕಾರ್ಡಿನ ಕಥೆ ಉದ್ದ ಉಂಟು. ಮೊದಲು ಬಂದದ್ದು ಒಂದು 8 ಜಿಬಿಯ ಹಳೆ ಮೈನಿಂಗ್ ಕಾರ್ಡ್, ಆರು ಸಾವಿರ, ಮಾರಿದವ ವಾಶಿಯವ, "ಮನೆಯಲ್ಲಿ ಗೇಮ್ ಆಡಿದ್ದು ಮಾತ್ರ" ಅಂತ ಹೇಳಿ ಕೊಟ್ಟ. ಹಿಂದಿನ ಸ್ಕ್ರೂಗಳ ತಲೆಯಲ್ಲಿ ತುಕ್ಕು, ಶಾಖ ದಾಟಿಸುವ ಥರ್ಮಲ್ ಪ್ಯಾಡ್ ಎಣ್ಣೆ ಬಿಟ್ಟಿತ್ತು. ಹತ್ತು ನಿಮಿಷ ಚೆನ್ನಾಗಿ ಓಡುವುದು, ಆಮೇಲೆ ಮೆಮೊರಿ ಬಿಸಿಯಾಗಿ ಪರದೆ ತುಂಬ ಬಣ್ಣದ ಚೌಕ. ಪ್ಯಾಡ್ ಬದಲಿಸಿದೆ, ಪೇಸ್ಟ್ ಹಾಕಿದೆ, ಸ್ವಲ್ಪ ದಿನ ಸರಿಯಾಯ್ತು, ಮಳೆಗಾಲದ ಒಂದು ರಾತ್ರಿ ಪೂರ್ತಿ ಸತ್ತಿತು. ಸಮುದ್ರದ ಹತ್ತಿರ ಗಾಳಿ ಬೀಸುವ ಗೋಡೌನಿನಲ್ಲಿ ವರ್ಷಗಟ್ಲೆ ಇಪ್ಪತ್ನಾಲ್ಕು ಗಂಟೆ ಓಡಿದ ಕಾರ್ಡಿಗೆ ಅದೇ ಗತಿ. ಅದನ್ನು ಬಿಡಿಭಾಗಕ್ಕೆ ಅಂತ ಸಾವಿರದ ಇನ್ನೂರಕ್ಕೆ ಕೊಟ್ಟೆ.

ಆಮೇಲೆ ಜಿಟಿಎಕ್ಸ್ 1650 ಒಂದನ್ನು ಗೆಳೆಯನಿಂದ ತಂದು ನೋಡಿದೆ. ಇದಕ್ಕೆ ಬೇರೆ ಪವರ್ ವೈರೇ ಬೇಡ, 75 ವ್ಯಾಟ್, ಸ್ಲಾಟಿನಿಂದಲೇ ತಗೊಳ್ತದೆ, ಆಫೀಸ್ ಟವರಿಗೆ ಹೇಳಿ ಮಾಡಿಸಿದ್ದು. 4 ಜಿಬಿ ಮೆಮೊರಿ ಅದರ ಕೊರತೆ. ಹಳೆ ಆಟಗಳಿಗೆ, ಮಕ್ಕಳ ಆಟಗಳಿಗೆ ಸಾಕು, ಆದ್ರೆ ಪಿಎಸ್5 ಎದುರು ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಇಪ್ಪತ್ತು ಸಾವಿರದ ಒಳಗೆ ಮುಗಿಸ್ಬೇಕು ಅನ್ನುವವರಿಗೆ ಇದೇ ದಾರಿ, ಧೈರ್ಯದಿಂದ ಹೇಳ್ತೇನೆ.

ಕೊನೆಗೆ ನಿಂತದ್ದು ಎಎಮ್‌ಡಿಯ ಆರ್‌ಎಕ್ಸ್ 6600. 2021ರ ಅಕ್ಟೋಬರಿನಲ್ಲಿ ಬಂದ ಕಾರ್ಡ್, 132 ವ್ಯಾಟ್, 8 ಜಿಬಿ. ಹೊಸತಕ್ಕೆ ಆಗ ಇಪ್ಪತ್ತರ ಮೇಲೆ ಇತ್ತು, ನನಗೆ ಬಿಲ್ ಸಮೇತ ವಾರಂಟಿ ಸ್ವಲ್ಪ ಉಳಿದದ್ದು ಹನ್ನೆರಡೂವರೆಗೆ ಸಿಕ್ಕಿತು. ಎಲ್ಲಿ ಸಿಕ್ಕಿತು ಅಂತ ಹೇಳುದಿಲ್ಲ, ಆ ಮನುಷ್ಯ ತಿಂಗಳಿಗೆ ಎರಡು ಮೂರು ಕಾರ್ಡ್ ಮಾತ್ರ ಇಡ್ತಾನೆ, ಎಲ್ಲರೂ ಹೋದ್ರೆ ನನಗೇ ಸಿಗ್ಲಿಕ್ಕಿಲ್ಲ. ಕಾಗದದಲ್ಲಿ ನೋಡಿದ್ರೆ ಪಿಎಸ್5ದೇ ಮೇಲು, ಅದಕ್ಕೆ 36 ಕಂಪ್ಯೂಟ್ ಯೂನಿಟ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ), ಇದಕ್ಕೆ 28. ಅದರ ಮೆಮೊರಿ ಸೆಕೆಂಡಿಗೆ 448 ಜಿಬಿ ಸಾಗಿಸ್ತದೆ, ಇದರದ್ದು ಸರಿ ಅರ್ಧ, 224. ಎರಡರ ಚಿಪ್ಪೂ ಎಎಮ್‌ಡಿಯ ಒಂದೇ ಆರ್‌ಡಿಎನ್‌ಎ 2 ಮನೆತನದ್ದು. ಇದರ ಕ್ಲಾಕ್ ಸ್ವಲ್ಪ ಹೆಚ್ಚು, ಒಳಗೆ 32 ಎಂಬಿ ಕ್ಯಾಶ್ ಇದೆ, ಹಾಗಾಗಿ 1080ರಲ್ಲಿ (ಫುಲ್ ಎಚ್‌ಡಿ ರೆಸಲ್ಯೂಶನ್) ವ್ಯತ್ಯಾಸ ಗೊತ್ತಾಗುದಿಲ್ಲ. 4ಕೆಗೆ ಹೋದ್ರೆ ಉಸಿರು ಕಟ್ತದೆ, ಆ ಆಸೆ ಇದ್ದವರು ಈ ಕಾರ್ಡ್ ಬಿಡಿ. ಆದ್ರೆ ನಮ್ಮ ಹಾಲ್‌ನಲ್ಲಿ ಸೋಫಾದಿಂದ ಟಿವಿಗೆ ಎಂಟು ಅಡಿ, 43 ಇಂಚು, ಅಲ್ಲಿಂದ 4ಕೆಗೂ 1440ಕ್ಕೂ ವ್ಯತ್ಯಾಸ ಹೇಳಿ ನೋಡುವ ಅಂತ ದೊಡ್ಡಮ್ಮನ ಮಗನಿಗೇ ಹೇಳಿದೆ, ಅವ ಮೂರು ಸಲ ತಪ್ಪು ಹೇಳಿದ.

ಈಗ ಪವರ್ ಸಪ್ಲೈ. ಎಲ್ಲರೂ ಸೋಲುದು ಇಲ್ಲೇ. ಆಫೀಸ್ ಟವರಿನ ಒಳಗಿನ ಪವರ್ ಸಪ್ಲೈ 260 ವ್ಯಾಟಿನ ಆಸುಪಾಸು, ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ವೈರ್ ಅದರಲ್ಲಿ ಇರುದೇ ಇಲ್ಲ. ಅಂಗಡಿಯವ ಹಾರ್ಡ್ ಡಿಸ್ಕಿಗೆ ಪವರ್ ಕೊಡುವ ಸಾಟಾದಿಂದ ಎಂಟು ಪಿನ್ನಿಗೆ ಬದಲಿಸುವ ನೂರೈವತ್ತು ರೂಪಾಯಿಯ ಒಂದು ವೈರ್ ಹಾಕಿ ಕೊಟ್ಟ, "ಸಬ್ ಯಹೀ ಲಗಾತೆ ಹೈ" ಅಂತ. ಎಲ್ಲರೂ ಹಾಕ್ತಾರೆ ಅನ್ನುದು ನಿಜ, ಅದು ಕರಗುದೂ ನಿಜ. ಸಾಟಾ ಪವರ್ ಕನೆಕ್ಟರಿನ 12 ವೋಲ್ಟ್ ಪಿನ್ನುಗಳ ತಾಕತ್ತು ಒಟ್ಟು 54 ವ್ಯಾಟ್, ಅದರ ಮೇಲೆ ನೂರು ವ್ಯಾಟ್ ಎಳೆದ್ರೆ ಎಂತ ಆಗ್ತದೆ? ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ವಾಸನೆ ಬಂತು, ತೆಗೆದು ನೋಡಿದ್ರೆ ಕನೆಕ್ಟರಿನ ಒಂದು ಬದಿ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಕಿತ್ತು ಬಿಸಾಡಿ 450 ವ್ಯಾಟಿನ ಒಳ್ಳೆ ಪವರ್ ಸಪ್ಲೈ ಹೊಸತೇ ತಂದೆ, ಮೂರೂವರೆ ಸಾವಿರ. ಈ ಒಂದು ಸಾಮಾನು ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ. ಮದರ್‌ಬೋರ್ಡಿನ ಕಡೆ 24 ಪಿನ್ ಬದಲು ಆರೇ ಪಿನ್ನಿನ ಬೇರೆ ತರದ ಸಾಕೆಟ್ ಇತ್ತು, ಅದಕ್ಕೆ ಬದಲಿಸುವ ವೈರ್ ಬೇರೆ ಸಿಗ್ತದೆ, ಇದು ಅಪಾಯ ಇಲ್ಲ, ಮದರ್‌ಬೋರ್ಡಿಗೆ ಬೇಕಾದಷ್ಟನ್ನೇ ಕೊಡುದು. ಹಿಂದಿನ ಸ್ಕ್ರೂ ತೂತು ನಾಲ್ಕರಲ್ಲಿ ಎರಡೇ ಕೂಡಿತು, ಒಂದು ಸಣ್ಣ ಅಲ್ಯೂಮಿನಿಯಂ ಪಟ್ಟಿ ಹಾಕಿ ನಿಲ್ಲಿಸಿದೆ. ಹಾರ್ಡ್ ಡಿಸ್ಕ್ ಕೂರಿಸುವ ತಗಡು ಕಾರ್ಡಿಗೆ ಅಡ್ಡ ಬರ್ತಿತ್ತು, ರಿವೆಟ್ ಡ್ರಿಲ್ ಮಾಡಿ ತೆಗೆದೆ.

ಒಟ್ಟು ಲೆಕ್ಕ, ನೆನಪಿದ್ದ ಹಾಗೆ: ಟವರ್ ಒಂಬತ್ತೂವರೆ, ಇನ್ನೊಂದು 8 ಜಿಬಿ ರ‍್ಯಾಮ್ ಕಡ್ಡಿ ಸಾವಿರದ ಇನ್ನೂರು, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಐದರ ಒಳಗೆ, ಕಾರ್ಡ್ ಹನ್ನೆರಡೂವರೆ, ಪವರ್ ಮೂರೂವರೆ, ಕಂಟ್ರೋಲರ್ ಮೂರು, ವೈರ್ ಸ್ಕ್ರೂ ಡಾಂಗಲ್ ಅದು ಇದು ಎಂಟುನೂರು. ಮೂವತ್ತೈದು. ಸತ್ತ ಕಾರ್ಡಿನ ನಷ್ಟ ಸೇರಿಸಿದ್ರೆ ನಲವತ್ತು. ಇದು 2024ರ ಮೊದಲರ್ಧದ ರೇಟು. ಈಗ ರ‍್ಯಾಮ್ ಮತ್ತು ಎಸ್‌ಎಸ್‌ಡಿ ರೇಟು ವಿಪರೀತ ಏರಿದೆ, ಹಾಗಾಗಿ ಈಗ ಟವರ್ ತಗೊಳ್ಳುವವರು ರ‍್ಯಾಮ್ 16 ಜಿಬಿ ಇದ್ದದ್ದನ್ನೇ ಹುಡುಕಿ, ಬಿಡಿಯಾಗಿ ತಗೊಂಡ್ರೆ ಸೋತಿರಿ.

ಸಾಮಾನು ಕೂಡಿಸುದು ಅರ್ಧ ಕೆಲಸ. ಅದನ್ನು ಕನ್ಸೋಲ್ ಮಾಡುದು ಉಳಿದರ್ಧ, ಮತ್ತು ಹೆಚ್ಚು ಕಷ್ಟದ್ದು. ವಿಂಡೋಸ್ ಪಾಸ್‌ವರ್ಡ್ ಕೇಳದೆ ಒಳಗೆ ಹೋಗ್ಬೇಕು, ಸ್ಟೀಮ್ ನೇರ ಬಿಗ್ ಪಿಕ್ಚರಿನಲ್ಲಿ (ಟಿವಿಗೆ, ಕಂಟ್ರೋಲರಿಗೆ ಹೊಂದುವ ಪರದೆ) ತೆರೆಯಬೇಕು, ಇಷ್ಟು ಎಲ್ಲರೂ ಮಾಡ್ತಾರೆ. 2023ರಲ್ಲಿ ಸ್ಟೀಮ್‌ನವರು ಬಿಗ್ ಪಿಕ್ಚರನ್ನು ತಮ್ಮದೇ ಸ್ಟೀಮ್ ಡೆಕ್ಕಿನ (ಕೈಯಲ್ಲಿ ಹಿಡಿದು ಆಡುವ ಪಿಸಿ) ತರ ಬದಲಿಸಿದ ಮೇಲೆ ಇದು ನಿಜವಾಗಿ ಉಪಯೋಗಕ್ಕೆ ಬರುವ ಹಾಗಾಯ್ತು, ಅದಕ್ಕಿಂತ ಮೊದಲಿನದ್ದು ನಿಧಾನ. ಬೇರೆ ಅಂಗಡಿಯ ಆಟಗಳನ್ನೂ ಸ್ಟೀಮಿನ ಒಳಗೇ ಶಾರ್ಟ್‌ಕಟ್ ಹಾಕಿ ಇಡಿ, ಹೊರಗೆ ಡೆಸ್ಕ್‌ಟಾಪ್ ಕಾಣಲೇಬಾರದು. ಮಗಳಿಗೆ ವಿಂಡೋಸ್‌ನ ಡೆಸ್ಕ್‌ಟಾಪ್ ಕಂಡ ದಿನ "ಅಪ್ಪ, ಹಾಳಾಯ್ತು" ಅಂತ ಕೂಗಿದ್ಲು. ಅಂದ್ರೆ ನನ್ನ ಕೆಲಸ ಸರಿ ಉಂಟು ಅಂತ ಅರ್ಥ.

ನಾನು ನಿಜವಾಗಿ ತಲೆ ಕೆಡಿಸ್ಕೊಂಡದ್ದು ಎರಡು ಕಡೆ. ಒಂದು, ಕಂಟ್ರೋಲರಿನಿಂದ ಪಿಸಿಯನ್ನು ನಿದ್ದೆಯಿಂದ ಎಬ್ಬಿಸುದು. ಪಿಸಿಯ ಬ್ಲೂಟೂತ್ ನಿದ್ದೆಗೆ ಹೋದ್ರೆ ಕಂಟ್ರೋಲರ್ ಒತ್ತಿದ್ದು ಅದಕ್ಕೆ ಕೇಳುದೇ ಇಲ್ಲ. 2.4 ಗಿಗಾಹರ್ಟ್ಸ್ ಡಾಂಗಲ್ ಇರುವ ಕಂಟ್ರೋಲರ್ ಬೇಕು, ಬಯೋಸಿನಲ್ಲಿ ಯುಎಸ್‌ಬಿ ವೇಕ್ ಆನ್, ಡೀಪ್ ಸ್ಲೀಪ್ ಆಫ್, ಡಿವೈಸ್ ಮ್ಯಾನೇಜರಿನಲ್ಲಿ ವೇಕ್ ಟಿಕ್. ಎರಡು, ಟಿವಿ ಆನ್ ಮಾಡುದು. ಕನ್ಸೋಲ್ ಎಚ್‌ಡಿಎಂಐ ಸಿಇಸಿಯಿಂದ ಟಿವಿಯನ್ನು ತಾನೇ ಎಬ್ಬಿಸ್ತದೆ, ಗ್ರಾಫಿಕ್ಸ್ ಕಾರ್ಡುಗಳಿಗೆ ಆ ವಿದ್ಯೆ ಇಲ್ಲ. ಇದಕ್ಕೆ ನಾನು ಒಂದು ಉಪಾಯ ಮಾಡಿದ್ದೇನೆ, ಮುನ್ನೂರು ರೂಪಾಯಿಯೂ ಆಗ್ಲಿಲ್ಲ, ಟಿವಿಯ ವೈಫೈ ಮತ್ತು ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಎರಡೂ ಅದರಲ್ಲಿ ಬರ್ತವೆ. ಇಷ್ಟು ಸುಳಿವು ಸಾಕು, ಉಳಿದದ್ದು ನನ್ನ ಹತ್ರವೇ ಇರ್ಲಿ, ಇಂಥ ಸೆಟಪ್ ಕೂಡಿಸಿ ಕೊಡುವ ಆಲೋಚನೆ ಉಂಟು ನನಗೆ.

ಇನ್ನು ಟಿವಿಯ ಸೆಟ್ಟಿಂಗ್. ಪಿಸಿ ಹಾಕಿದ ಇನ್‌ಪುಟ್ಟಿಗೆ ಗೇಮ್ ಮೋಡ್ ಆನ್, ಓವರ್‌ಸ್ಕ್ಯಾನ್ (ಚಿತ್ರದ ಅಂಚು ಕತ್ತರಿಸುದು) ಆಫ್, ಆರ್‌ಜಿಬಿ ರೇಂಜ್ (ಕಪ್ಪಿನಿಂದ ಬಿಳಿಯವರೆಗಿನ ಮಟ್ಟ) ಕಾರ್ಡಿನಲ್ಲೂ ಟಿವಿಯಲ್ಲೂ ಒಂದೇ. "ಪಿಸಿ ಹಾಕಿದ್ರೆ ಬಣ್ಣ ಬಿಳಿಚಿಕೊಂಡ ಹಾಗೆ ಕಾಣ್ತದೆ, ಪಿಎಸ್ ಚಂದ" ಅನ್ನುವವರಲ್ಲಿ ಹತ್ತಕ್ಕೆ ಒಂಬತ್ತು ಜನರ ತೊಂದರೆ ಈ ರೇಂಜು, ಒಂದು ಫುಲ್ ಇನ್ನೊಂದು ಲಿಮಿಟೆಡ್.

ಮತ್ತೆ ಶಿಸ್ತು: ಪ್ರತಿ ಆಟಕ್ಕೂ ಒಂದು ಸಲ ಸೆಟ್ಟಿಂಗ್ ಕೂರಿಸುದು, 60 ಎಫ್‌ಪಿಎಸ್‌ಗೆ ಲಾಕ್, ಆಮೇಲೆ ಮುಟ್ಲಿಕ್ಕಿಲ್ಲ. ಮೂಲೆಯ ನಂಬರ್ ತೆಗೆದೇ ಬಿಡಿ. 90ರಲ್ಲಿ ಓಡಿ ಎಡೆಯಲ್ಲಿ 55ಕ್ಕೆ ಬೀಳುದಕ್ಕಿಂತ 60ರಲ್ಲಿ ಅಲುಗದೆ ನಿಂತದ್ದು ಸಾವಿರ ಪಾಲು ಮೇಲು, ಕಾರ್ಡೂ ತಣ್ಣಗೆ. ವೋಲ್ಟೇಜನ್ನೂ ಇಳಿಸಿದ್ದೇನೆ. ನನ್ನ ಕಾರ್ಡಿನ ನಂಬರ್ ನಿಮ್ಮದಕ್ಕೆ ಆಗ್ಲಿಕ್ಕಿಲ್ಲ, ಪ್ರತಿ ಚಿಪ್ಪಿನದ್ದೂ ಬೇರೆ, ಇಪ್ಪತ್ತು ಇಪ್ಪತ್ತು ಮಿಲಿವೋಲ್ಟ್ ಇಳಿಸ್ತಾ ಹೋಗಿ, ಆಟ ಕ್ರ್ಯಾಶ್ ಆದ ಕಡೆಯಿಂದ ನಲವತ್ತು ಮೇಲೆ ನಿಲ್ಲಿಸಿ. ಕಾರ್ಡಿನ ಚಿಪ್ ನೂರು ವ್ಯಾಟ್ ತೋರಿಸುತ್ತಿದ್ದದ್ದು ಎಪ್ಪತ್ತೈದರ ಆಸುಪಾಸಿಗೆ ಬಂತು, ಎಫ್‌ಪಿಎಸ್ ಬದಲಾಗ್ಲಿಲ್ಲ.

ಇಲ್ಲಿ ಒಂದು ಬದಿಯ ಪ್ರಯೋಗ ಹೇಳ್ಬೇಕು, ಇದು ನನಗೆ ಬಹಳ ಖುಷಿ ಕೊಟ್ಟದ್ದು. ಕೆಲವು ಭಾರದ ಆಟ 1440ರಲ್ಲಿ 60 ಹಿಡಿಯುದಿಲ್ಲ, 52, 54ರಲ್ಲಿ ಆಡ್ತದೆ, ಆಗ ಟಿವಿಯಲ್ಲಿ ಎಳೆದ ಹಾಗೆ ಕಾಣ್ತದೆ. ಕನ್ಸೋಲಿನಲ್ಲಾದ್ರೆ ಅದಕ್ಕೆ 30ಕ್ಕೆ ಇಳಿಸ್ತಾರೆ, 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ) ಟಿವಿ ಇದ್ದವರಿಗೆ 40 ಕೊಡ್ತಾರೆ, ನಮ್ಮ 60 ಹರ್ಟ್ಸ್ ಟಿವಿಯಲ್ಲಿ 40 ಭಾಗಿಸಿ ಬರುದಿಲ್ಲ. ಆದ್ರೆ ನಮ್ಮ ದೇಶದ ಟಿವಿ ಪ್ರಸಾರ ಮೊದಲಿನಿಂದ 50 ಹರ್ಟ್ಸಿನದ್ದು, ಹಾಗಾಗಿ ಇಲ್ಲಿ ಮಾರುವ ಟಿವಿಗಳು 50 ಹರ್ಟ್ಸ್ ಸಿಗ್ನಲ್ ತಗೊಳ್ತವೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 50 ಹರ್ಟ್ಸ್ ಮಾಡಿ, ಆಟವನ್ನು 50ಕ್ಕೆ ಲಾಕ್ ಮಾಡಿದೆ. ಬೆಣ್ಣೆ. ಮೀಟರ್ ಇಲ್ಲದೆ 60 ಅಲ್ಲ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಇದನ್ನು ಕನ್ಸೋಲಿನಲ್ಲಿ ನೀವು ಮಾಡ್ಲಿಕ್ಕೆ ಆಗುದಿಲ್ಲ, ಅವ್ರು ಕೊಟ್ಟದ್ದೇ ಪ್ರಸಾದ.

ಬಜೈಟ್ ಹಾಕಿಯೂ ನೋಡಿದೆ, ಲಿನಕ್ಸಿನ ಮೇಲೆ ಸ್ಟೀಮ್ ಡೆಕ್ಕಿನ ಹಾಗೆ ನಡೆಯುವುದು. ಎಎಮ್‌ಡಿ ಕಾರ್ಡಿಗೆ ಚೆನ್ನಾಗಿ ಕೂರ್ತದೆ, ಆನ್ ಮಾಡಿದ್ರೆ ನೇರ ಆಟದ ಪರದೆ, ಸ್ಲೀಪೂ ವಿಂಡೋಸಿಗಿಂತ ಚೊಕ್ಕ. ಒಬ್ಬರೇ ಆಡುವ ಆಟ ಮಾತ್ರ ಆಡುವವರಾದ್ರೆ ನಾನು ಅದನ್ನೇ ಹಾಕಿ ಅಂತೇನೆ. ಆದ್ರೆ ಆ್ಯಂಟಿ ಚೀಟ್ (ಆನ್‌ಲೈನಿನಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್) ಇರುವ ಆಟ ಹಲವು ಅದರಲ್ಲಿ ಓಡುದಿಲ್ಲ, ವ್ಯಾಲೊರಂಟ್ ಇಲ್ಲ, ಫೋರ್ಟ್‌ನೈಟ್ ಇಲ್ಲ, ಜಿಟಿಎ ಆನ್‌ಲೈನನ್ನೂ 2024ರ ಸೆಪ್ಟೆಂಬರಿನಿಂದ ನಿಲ್ಲಿಸಿದ್ರು. ನಮ್ಮಲ್ಲಿ ಫುಟ್‌ಬಾಲ್ ಆಟ ಎಫ್‌ಸಿ ಬೇಕೇ ಬೇಕು, ಹಾಗಾಗಿ ವಿಂಡೋಸಿಗೆ ವಾಪಸ್. ಇನ್ನೊಂದು, ಅಮ್ಮನ ಸೀರಿಯಲ್ ಹೊತ್ತಿಗೆ ಹಾಲ್‌ನ ಟಿವಿ ಸಿಗುದಿಲ್ಲ, ಅದಕ್ಕೆ ಪಿಸಿಯಲ್ಲಿ ಆಟವನ್ನು ಮನೆಯ ನೆಟ್‌ವರ್ಕಿಗೆ ಕಳಿಸುವ ಸನ್‌ಶೈನ್ ಹಾಕಿ ಒಳಗಿನ ಕೋಣೆಯ ಹಳೆ ಲ್ಯಾಪ್‌ಟಾಪಿನಲ್ಲಿ ಅದನ್ನು ತೋರಿಸುವ ಮೂನ್‌ಲೈಟ್ ತೆರೆದೆ. ಪಿಸಿಯಿಂದ ರೌಟರಿಗೆ ಲ್ಯಾನ್ ವೈರ್ ಎಳೆದ್ರೆ ಮಾತ್ರ ಇದು ಸರಿ ನಡೆಯುದು, ಎರಡೂ ಕಡೆ ವೈಫೈ ಆದ್ರೆ ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮೂವತ್ತು ವೈಫೈಗಳ ನಡುವೆ ಸತ್ತೇ ಹೋಗ್ತದೆ.

ಶಾಖದ ವಿಷಯ. ಮುಚ್ಚಿದ ಟಿವಿ ಯೂನಿಟ್ ಅಂದ್ರೆ ಇಡ್ಲಿ ಪಾತ್ರೆ ಇದ್ದ ಹಾಗೆ, ಅದರೊಳಗೆ ಪಿಸಿ ಇಡಿ, ಪಿಎಸ್ ಇಡಿ, ಎರಡೂ ಬೇಯ್ತವೆ. ಮೇ ತಿಂಗಳಲ್ಲಿ ಕಾರ್ಡು 84 ಡಿಗ್ರಿ ಮುಟ್ಟಿತ್ತು. ಬಡಗಿಯನ್ನು ಕರೆದು ಯೂನಿಟಿನ ಹಿಂದಿನ ಹಲಗೆಯನ್ನೇ ತೆಗೆಸಿದೆ, ನಾಲ್ಕುನೂರು ತಗೊಂಡ, ಈಗ ಎಪ್ಪತ್ತರ ಒಳಗೆ. ಮಳೆಗಾಲದಲ್ಲಿ ಆಡದಿದ್ರೂ ದಿನಕ್ಕೆ ಅರ್ಧ ಗಂಟೆ ಆನ್ ಇಡಿ, ಈ ತೇವಕ್ಕೆ ಅದೇ ಮದ್ದು. ವಾಟ್‌ಮೀಟರ್ ಹಾಕಿ ನೋಡಿದಾಗ ಆಟ ಆಡುವಾಗ ಗೋಡೆಯಿಂದ 160, 170 ವ್ಯಾಟ್ ಎಳೀತಿತ್ತು. ಅದೇ ಮೀಟರನ್ನು ಮೀರಾ ರೋಡಿಗೆ ತಗೊಂಡು ಹೋಗಿ ಪಿಎಸ್5ಗೆ ಹಾಕಿದೆ, ಇನ್ನೂರರ ಹತ್ರ. ಯೂನಿಟಿಗೆ ಹತ್ತು ಹನ್ನೆರಡು ರೂಪಾಯಿ ಹಿಡಿದ್ರೂ ದಿನಕ್ಕೆ ಎರಡು ಗಂಟೆ ಆಟಕ್ಕೆ ತಿಂಗಳಿಗೆ ನೂರು ನೂರೈವತ್ತು ಬರ್ತದೆ, ಎರಡರಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. "ಪಿಸಿ ಕರೆಂಟ್ ತಿಂತದೆ" ಅನ್ನುವವರು ಅಳೆದು ಮಾತಾಡ್ಲಿ.

ಕನ್ಸೋಲ್ ಎಲ್ಲಿ ಮೇಲು ಅಂತ ಹೇಳದಿದ್ರೆ ನ್ಯಾಯ ಆಗುದಿಲ್ಲ. ಹೊಸ ಆಟ ಬಂದ ದಿನವೇ ಬೇಕು ಅನ್ನುವವರಿಗೆ ಕನ್ಸೋಲೇ. ಜಿಟಿಎ 5 ಮೊದಲು ಬಂದದ್ದು 2013ರ ಸೆಪ್ಟೆಂಬರಿನಲ್ಲಿ, ಪಿಸಿಗೆ ಬಂದದ್ದು 2015ರ ಏಪ್ರಿಲಿಗೆ. ರೆಡ್ ಡೆಡ್ 2 ಕನ್ಸೋಲಿಗೆ 2018ರ ಅಕ್ಟೋಬರ್, ಪಿಸಿಗೆ 2019ರ ನವೆಂಬರ್. ಜಿಟಿಎ 6 ಕೂಡ ಕನ್ಸೋಲಿಗೆ ಅಂತಲೇ ಘೋಷಣೆ ಆಗಿದ್ದು. ಪಿಸಿಗೆ ಬಂದಾಗಲೂ ಮೊದಲ ವಾರಗಳಲ್ಲಿ ಸರಿ ಇರುದಿಲ್ಲ, 2023ರ ಮಾರ್ಚಿನಲ್ಲಿ ಲಾಸ್ಟ್ ಆಫ್ ಅಸ್ ಬಂದಾಗ ಆಟದ ಮೊದಲು ಗ್ರಾಫಿಕ್ಸಿನ ಶೇಡರ್ ಕಟ್ಟುದು ನೋಡಿ ಜನ ಬೇಸತ್ತಿದ್ರು, ಪ್ಯಾಚ್ ಮೇಲೆ ಪ್ಯಾಚ್ ಬಂದ ಮೇಲೆ ಸರಿಯಾದದ್ದು. ನಾನು ಅದನ್ನು ಆಮೇಲೆ ಸೇಲಿನಲ್ಲಿ ತಗೊಂಡೆ, ನೆಮ್ಮದಿಯಾಗಿ ಮುಗಿಸಿದೆ. ಡಿಸ್ಕ್ ಕೂಡ ದೊಡ್ಡ ಬಲ, ಮುಂಬಯಿಯಲ್ಲಿ ಡಿಸ್ಕಿನ ಕೈಬದಲು ವ್ಯಾಪಾರ ಜೋರು, ದೊಡ್ಡಮ್ಮನ ಮಗ ನಾಲ್ಕು ಸಾವಿರಕ್ಕೆ ತಂದದ್ದನ್ನು ತಿಂಗಳೊಳಗೆ ಮುಗಿಸಿ ಮೂರಕ್ಕೆ ಮಾರ್ತಾನೆ. ಅವನ ಹಾಗೆ ಬೇಗ ಮುಗಿಸಿ ಬೇಗ ಮಾರುವವರಿಗೆ ನನ್ನ ಲೆಕ್ಕದ ಅರ್ಧ ಬಿದ್ದು ಹೋಗ್ತದೆ. ಡಿಜಿಟಲ್ ಮಾಡೆಲ್ ತಗೊಂಡವರಿಗೆ ಮಾತ್ರ ಆ ಲಾಭವೂ ಇಲ್ಲ, ಅದನ್ನು ತಗೊಳ್ಳಿ ಅಂತ ಯಾರಿಗೂ ನಾನು ಹೇಳುದಿಲ್ಲ. ಆಟದ ಮಧ್ಯದಲ್ಲಿ ನಿದ್ದೆಗೆ ಹಾಕಿ ಮರುದಿನ ಅಲ್ಲಿಂದಲೇ ಶುರು ಮಾಡುದೂ ಕನ್ಸೋಲಿನಲ್ಲಿ ಗಟ್ಟಿ, ನಮ್ಮದರಲ್ಲಿ ಬಹುತೇಕ ನಡೆಯುತ್ತದೆ, ಕೆಲವು ಆಟ ಎದ್ದ ಮೇಲೆ ನೆಟ್ ಸಿಗದೆ ಹೊರಗೆ ಬೀಳ್ತವೆ.

ಆದ್ರೆ ಎಕ್ಸ್‌ಕ್ಲೂಸಿವ್ (ಪ್ಲೇಸ್ಟೇಷನ್ನಿನಲ್ಲಿ ಮಾತ್ರ ಸಿಗುವ ಆಟ) ಅನ್ನುವ ಮಾತು ಹಳೆಯದಾಯ್ತು. ಹೊರೈಝನ್ 2020ರಲ್ಲಿ, ಗಾಡ್ ಆಫ್ ವಾರ್ 2022ರ ಜನವರಿಯಲ್ಲಿ, ಅದೇ ವರ್ಷ ಸ್ಪೈಡರ್‌ಮ್ಯಾನ್, ಘೋಸ್ಟ್ ಆಫ್ ಸುಶಿಮಾ 2024ರ ಮೇಯಲ್ಲಿ, ಎಲ್ಲ ಪಿಸಿಗೆ ಬಂದಿದೆ. ಕೊನೆಯದ್ದನ್ನು ನಾನು 50 ಹರ್ಟ್ಸಿನಲ್ಲೇ ಮುಗಿಸಿದ್ದು. ಗಾಳಿಗೆ ಹುಲ್ಲು ಬಾಗುದು ನೋಡಿ ಅಮ್ಮ ಸೀರಿಯಲ್ ಬಿಟ್ಟು ಕೂತಿದ್ರು.

ಈಗ ಠಾಣೆಯ ಭಾವನಿಗೆ ಇಂಥದ್ದೇ ಒಂದು ಕೂಡಿಸ್ತಾ ಇದ್ದೇನೆ. "ಮಾರಾಯ, ನಿನ್ನದಕ್ಕಿಂತ ಒಂದು ಪೈಸೆ ಜಾಸ್ತಿ ಆಗ್ಬಾರ್ದು" ಅಂದಿದ್ದಾರೆ, ಈಗಿನ ರ‍್ಯಾಮ್ ರೇಟಿಗೆ ಅದು ಆಗುದಿಲ್ಲ ಅಂತ ಹೇಳಿ ನಲವತ್ತೆರಡಕ್ಕೆ ಒಪ್ಪಿಸಿದ್ದೇನೆ. ಟವರ್ 16 ಜಿಬಿ ಇದ್ದದ್ದೇ ಸಿಕ್ಕಿದೆ, ಪವರ್ ಸಪ್ಲೈ ಬಂದಿದೆ, ಕಾರ್ಡ್ ಒಂದು ಬಾಕಿ. ಕಾರ್ಡ್ ನೋಡ್ಲಿಕ್ಕೆ ಹೋಗುವವರು ಇಷ್ಟು ಮಾಡಿ: ಸ್ಕ್ರೂವಿನ ತುಕ್ಕು ನೋಡಿ, ವಾರಂಟಿ ಸ್ಟಿಕರ್ ನೋಡಿ, ಫ್ಯಾನನ್ನು ಬೆರಳಿನಿಂದ ತಿರುಗಿಸಿ ಸದ್ದು ಕೇಳಿ, ಮತ್ತೆ ಅಂಗಡಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ ಕೊಡ್ಲಿಕ್ಕೆ ಹೇಳಿ, ಐದು ನಿಮಿಷದ ಬೆಂಚ್‌ಮಾರ್ಕಿಗೆ ಒಪ್ಪಬೇಡಿ. ಅರ್ಧ ಗಂಟೆ ಓಡಿಸುದಿಲ್ಲ ಅಂತ ಹೇಳಿದವನ ಹತ್ರ ಚೌಕಾಶಿಗೂ ನಿಲ್ಬೇಡಿ.